ಕೋರ್ ನಗರವೂ ಗೇರುಸೊಪ್ಪೆಯೂ

ದುರ್ಗಮ ಕಾಡು, ಹಳೆಯದೊಂದು ಬರಹ, ಅದನ್ನು ಹಿಡಿದು ಹೊರಟ ಮೂರು ನಾಲ್ಕು ಜನ ಸಾಹಸಿಗಳು, ಕೊನೆಗೆ ಹೊರಜಗತ್ತು ಮರೆತೇಬಿಟ್ಟ ಒಂದು ನಗರ. ಈ ಜಾಡಿನ ಕಥೆಯನ್ನು ಪುಸ್ತಕದಲ್ಲೋ ಸಿನಿಮಾದಲ್ಲೋ ತಾವು ಒಮ್ಮೆಯಾದರೂ ಕಂಡಿರುತ್ತೀರಿ. ಇಂಗ್ಲಿಷಿನಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದವನು ಹೆನ್ರಿ ರೈಡರ್ ಹ್ಯಾಗರ್ಡ್. ಹತ್ತೊಂಬತ್ತನೆಯ ವಯಸ್ಸಿಗೆ, 1875ರಲ್ಲಿ, ಸರಕಾರಿ ಕೆಲಸದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋದ ಈತ ಊರಿಗೆ ಮರಳಿದ ಮೇಲೆ 1885ರಲ್ಲಿ 'ಕಿಂಗ್ ಸಾಲೊಮನ್ಸ್ ಮೈನ್ಸ್' ಪ್ರಕಟಿಸಿದ. ಅದರ ಬೆನ್ನಿಗೇ 1886-87ರಲ್ಲಿ 'ಶೀ' ಎಂಬ ಕಾದಂಬರಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು.

'ಶೀ' ಎಂದರೆ 'ಅವಳು'. ಕೇಂಬ್ರಿಜ್‌ನ ವಿದ್ವಾಂಸ ಹಾಲಿ ಮತ್ತು ಅವನು ಸಾಕಿ ಬೆಳೆಸಿದ ಯುವಕ ಲಿಯೊ, ಮಡಕೆಯ ಚೂರಿನ ಮೇಲಿನ ಪುರಾತನ ಬರಹವೊಂದನ್ನು ನಂಬಿ ಆಫ್ರಿಕದ ಪೂರ್ವ ಕರಾವಳಿಗೆ ಹೋಗುತ್ತಾರೆ. ಜವುಗುನೆಲ ದಾಟಿ ತಲುಪುವ ಜಾಗವೇ ಕೋರ್. ಅದನ್ನು ಕಟ್ಟಿದ ಜನ ಸಾವಿರಾರು ವರ್ಷಗಳ ಹಿಂದೆಯೇ ಮಹಾಮಾರಿಗೆ ತುತ್ತಾಗಿದ್ದಾರೆ. ಅವರ ಗೋರಿಗಳ ನಡುವೆ, ಎರಡು ಸಾವಿರ ವರ್ಷಗಳಿಂದ ಮುಪ್ಪಿಲ್ಲದೆ ಬದುಕಿರುವ ಆಯೆಷಾ ಎಂಬ ರಾಣಿ ಆಳುತ್ತಿದ್ದಾಳೆ. ಕಥೆಯ ಓಟಕ್ಕೆ ಸಾಟಿಯಿಲ್ಲ. ಹಿಡಿದ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಸುತ್ತಲಿನ ಆಫ್ರಿಕದ ಜನರನ್ನು ಲೇಖಕ ಬರೇ ಕಾಡುಜನರಂತೆ ಚಿತ್ರಿಸುತ್ತಾನೆ. ನಗರ ಕಟ್ಟಿದವರು ಬೇರೆ ಯಾರೋ, ಎಂದೋ ಅಳಿದವರು.

ಇದು ಅವನೊಬ್ಬನ ಕಲ್ಪನೆಯಾಗಿರಲಿಲ್ಲ, ಅಂದಿನ ಯುರೋಪಿನ ನಂಬಿಕೆಯೇ ಹಾಗಿತ್ತು. 1871ರಲ್ಲಿ ಜರ್ಮನಿಯ ಕಾರ್ಲ್ ಮಾಖ್ ಮಹಾ ಜಿಂಬಾಬ್ವೆಯ ಕಲ್ಲಿನ ಗೋಡೆಗಳನ್ನು ನೋಡಿ, ಇವು ಶೀಬಾ ರಾಣಿಗೆ ಸಂಬಂಧಪಟ್ಟವು ಎಂದು ಸಾರಿದ್ದ. ಅವು ಆಫ್ರಿಕದವರೇ ಮಧ್ಯಯುಗದಲ್ಲಿ ಕಟ್ಟಿದ ಗೋಡೆಗಳೆಂದು 1905ರಲ್ಲಿ ರ‍್ಯಾಂಡಲ್ ಮ್ಯಾಕೈವರ್ ಉತ್ಖನನ ಮಾಡಿ ತೋರಿಸಿದ. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಅದನ್ನು ಮತ್ತೆ ದೃಢಪಡಿಸಿದಳು. ಆದರೂ ಅಲ್ಲಿನ ಬಿಳಿಯರ ಸರಕಾರಕ್ಕೆ ಈ ಮಾತು ಬಹುಕಾಲ ಹಿಡಿಸಲಿಲ್ಲ. 1980ರಲ್ಲಿ ಸ್ವತಂತ್ರವಾದ ದೇಶ ಆ ಗೋಡೆಗಳ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟರೆ ಬಲಕ್ಕೆ ಕಡಲು, ಎಡಕ್ಕೆ ಘಟ್ಟ. ಕುಮಟಾ ದಾಟಿ ಹೊನ್ನಾವರ ಸೇರಿ, ಅಲ್ಲಿಂದ ಶರಾವತಿಯ ಗುಂಟ ಸುಮಾರು 30 ಕಿಲೋಮೀಟರ್ ಒಳಗೆ ಹೋದರೆ ಗೇರುಸೊಪ್ಪೆ. ನದಿಯ ಆಚೆ ದಂಡೆಯಲ್ಲಿ, ಕಾಡಿನೊಳಗೆ, ನಗರಬಸ್ತಿಕೇರಿ. ಹೆಸರಿನಲ್ಲೇ 'ನಗರ' ಇದೆ, 'ಬಸ್ತಿ' ಇದೆ, 'ಕೇರಿ'ಯೂ ಇದೆ. ಮರಗಳ ನಡುವೆ ನಿಂತಿರುವ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಒಂದೊಂದು ದಿಕ್ಕಿಗೆ ಮುಖ ಮಾಡಿದ ತೀರ್ಥಂಕರ ಮೂರ್ತಿಗಳು. 1586ರ ಕಾರ್ಕಳದ ಚತುರ್ಮುಖ ಬಸದಿಯನ್ನು ಕಂಡವರಿಗೆ ಅದರ ನೆನಪಾಗದೆ ಇರದು. ಕಾರ್ಕಳದ್ದು ಬಂಡೆಯ ನೆತ್ತಿಯ ಮೇಲೆ ಬಯಲಿನಲ್ಲಿದೆ, ಇದು ನೆರಳಿನಲ್ಲಿ ಅಡಗಿದೆ.

ಇಲ್ಲಿಯೂ ಒಬ್ಬ ರಾಣಿ ಆಳಿದಳು. ಸಾಳುವ ಮನೆತನದ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಅಂದರೆ 54 ವರ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಶಾಸನಗಳಲ್ಲಿ ಊರಿನ ಹೆಸರು ಕ್ಷೇಮಪುರ, ರಾಜ್ಯ ನಗಿರೆ. ಘಟ್ಟದ ಕಾಳುಮೆಣಸು ಅವಳ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಆ ಬಂದರುಗಳ ಪಟ್ಟಿಯಲ್ಲಿ ಅಂಕೋಲೆ, ಕಾರವಾರಗಳನ್ನೂ ಸೇರಿಸಿ ಹೇಳುವ ವಾಡಿಕೆಯುಂಟು. ಪೋರ್ಚುಗೀಸರು ಅವಳನ್ನು 'ಕಾಳುಮೆಣಸಿನ ರಾಣಿ' ಎಂದೇ ಕರೆದರು. ಹಾಗೆಂದು ಪ್ರೀತಿ ಇತ್ತೆಂದು ತಿಳಿಯಬಾರದು. 1569ರಲ್ಲಿ ಅವರೇ ಬಂದು ಹೊನ್ನಾವರವನ್ನು ಹಿಡಿದರು. ಕೆಳಗಿನಿಂದ ಅವರು, ಮೇಲಿನಿಂದ ಕೆಳದಿಯವರು. ನಡುವೆ ಅರ್ಧ ಶತಮಾನ ರಾಜ್ಯ ಉಳಿಸಿಕೊಂಡದ್ದೇ ದೊಡ್ಡದು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನ ಕೈಗೆ ರಾಜ್ಯ ಹೋಯಿತು. ರಾಣಿ ಸೆರೆಯಲ್ಲೇ ತೀರಿಕೊಂಡಳೆಂದು ಹೇಳುತ್ತಾರೆ.

ಮುಂದಿನದು ನಿಜಕ್ಕೂ ಕಾದಂಬರಿಯಂತಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜತೆಗೂಡಿ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದ. ಹಿಂದೆ ಹೆಸರಾಂತ ರಾಜಧಾನಿಯಾಗಿದ್ದ ಊರು ಹಾಳುಬಿದ್ದು ಮರಗಳು ಆವರಿಸಿವೆ, ರೈತರ ಕೆಲವು ಗುಡಿಸಲುಗಳಷ್ಟೇ ಉಳಿದಿವೆ ಎಂದು ಬರೆದ. ಲೆಕ್ಕ ಹಾಕಿ ನೋಡಿ: ರಾಣಿಯ ಆಳ್ವಿಕೆ ಮುಗಿದು ಹದಿನೇಳೇ ವರ್ಷ! ಪತನಕ್ಕೆ ಕಾರಣವೆಂದು ಆತ ಒಂದು ಪ್ರಣಯದ ಕಥೆಯನ್ನೂ ಕೇಳಿ ಬರೆದುಕೊಂಡ. ಗೆದ್ದವರ ನಾಡಿಗೆ ಹೋಗುವ ದಾರಿಯಲ್ಲಿ ಸೋತ ರಾಣಿಯ ಬಗ್ಗೆ ಕೇಳಿಬಂದ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ತಾವೇ ಯೋಚಿಸಿ. ಮೆಣಸಿನ ಲಾಭದ ಮೇಲೆ ಎರಡು ಕಡೆಯವರ ಕಣ್ಣಿದ್ದಾಗ ಯುದ್ಧಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹದಿನೇಳು ವರ್ಷದಲ್ಲಿ ನಗರವೊಂದು ಕಾಡಾಗುವುದು ಹೇಗೆ? ಕರಾವಳಿಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನ ಗೋಡೆ, ಹುಲ್ಲು ಅಥವಾ ಸೋಗೆಯ ಮಾಡು ಇರುವ ಮನೆಗೆ ವರ್ಷ ವರ್ಷವೂ ಹೊದಿಕೆ ಆಗಬೇಕು. ಎರಡು ಮಳೆಗಾಲ ಹೊದಿಸದೆ ಬಿಟ್ಟರೆ ಮಾಡು ಕುಸಿಯುತ್ತದೆ, ನಾಲ್ಕನೆಯದಕ್ಕೆ ಗೋಡೆ ಕರಗುತ್ತದೆ, ಹತ್ತನೆಯದಕ್ಕೆ ಅಡುಗೆಮನೆಯಿದ್ದಲ್ಲಿ ಆಳೆತ್ತರದ ಗಿಡ. ಕಲ್ಲಿನಲ್ಲಿ ಕಟ್ಟಿದ್ದು ದೇವರ ಮನೆಗಳನ್ನು ಮಾತ್ರ, ಆದ್ದರಿಂದ ಉಳಿದದ್ದೂ ಅವೇ. ಇನ್ನು, ಆ ಪೇಟೆ ಇದ್ದದ್ದು ನದಿಯ ದೋಣಿಗೂ ಘಟ್ಟದ ಹೇರೆತ್ತಿಗೂ ನಡುವಿನ ವ್ಯಾಪಾರದಿಂದ. ಅಧಿಕಾರ ಘಟ್ಟದ ಮೇಲಕ್ಕೆ ಹೋದಾಗ ಮನೆ ಹೊದಿಸಿಕೊಂಡು ಕೂರಲು ವರ್ತಕನಿಗೆ ಅಲ್ಲೇನು ಕೆಲಸ?

ಹ್ಯಾಗರ್ಡ್‌ನ ಕೋರ್‌ಗೂ ನಮ್ಮ ಗೇರುಸೊಪ್ಪೆಗೂ ಇರುವ ವ್ಯತ್ಯಾಸವೂ ಇಲ್ಲೇ ಇದೆ. ಇಲ್ಲಿ ಕಟ್ಟಿದವರು ಯಾರೆಂದು ಊಹಿಸಬೇಕಾಗಿಲ್ಲ, ಶಾಸನಗಳು ಕನ್ನಡದಲ್ಲೇ ಹೇಳುತ್ತವೆ. ಗೇರುಸೊಪ್ಪೆಯ ಜ್ವಾಲಾಮಾಲಿನಿಗೆ ಇಂದಿಗೂ ಪೂಜೆ ನಡೆಯುತ್ತದೆ, ದೂರದ ಊರುಗಳಿಂದ ಜೈನ ಭಕ್ತರು ಬರುತ್ತಾರೆ. ಕಥೆಗಾರರೂ ಅವಳನ್ನು ಬಿಟ್ಟಿಲ್ಲ. ಗಜಾನನ ಶರ್ಮರ 'ಚೆನ್ನಭೈರಾದೇವಿ' ಕಾದಂಬರಿಯನ್ನು ಇತ್ತೀಚಿನ ವರ್ಷಗಳಲ್ಲಿ ಅನೇಕರು ಓದಿದ್ದಾರೆ. 'ಶೀ' ಓದಿದವರು ಅದನ್ನೂ ಓದಬೇಕು. ಮುಪ್ಪಿಲ್ಲದ ಆಯೆಷಾಳಿಗಿಂತ, ಮುಪ್ಪಿನವರೆಗೂ ಸುಂಕ, ಸಂಧಾನ, ಸಮರಗಳಲ್ಲಿ ಮುಳುಗಿದ್ದ ರಾಣಿ ಹೆಚ್ಚು ಕುತೂಹಲ ಹುಟ್ಟಿಸುತ್ತಾಳೆ.

ನೋಡಲು ಹೋಗುವವರು ಮಳೆಗಾಲ ಕಳೆದ ಮೇಲೆ ಹೋಗುವುದು ಲೇಸು. ಇಲ್ಲವಾದರೆ ಉಂಬಳಗಳ ಕಾಟ. ಬಸದಿಯ ಕಲ್ಲಿನ ಮೇಲೆ ಹೆಸರು ಕೆತ್ತುವ ಚಪಲದ ಮಕ್ಕಳಿದ್ದರೆ ಕೈ ಹಿಡಿದುಕೊಂಡೇ ಸುತ್ತಿಸಿ.

ಮುಳುಗಿದ ಊರು ಬೇಕೆಂದರೆ ಕಾರವಾರದವರಿಗೆ ಇನ್ನೂ ಹತ್ತಿರದ್ದೊಂದು ಇದೆ. ತಮ್ಮ ಊರಿನ ಪಕ್ಕದಲ್ಲೇ ಕಡಲು ಸೇರುವ ಕಾಳಿಯ ಮೇಲ್ದಂಡೆಯಲ್ಲಿ ಸೂಪಾ ಎಂಬ ತಾಲೂಕು ಪೇಟೆಯಿತ್ತು. 1980ರ ದಶಕದಲ್ಲಿ ಅಣೆಕಟ್ಟಿನ ನೀರು ಅದನ್ನು ಮುಚ್ಚಿತು, ಕಚೇರಿಗಳು ಜೋಯಿಡಾಕ್ಕೆ ಹೋದವು. ಅದರ ದಾರಿ ತಿಳಿಯಲು ಮಡಕೆಯ ಚೂರು ಬೇಡ. ಅಲ್ಲಿ ಹುಟ್ಟಿ ಬೆಳೆದವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಹತ್ತಿರ ಕೂತು ಕೇಳಿದರೆ ಹೇಳುತ್ತಾರೆ.