ಟ್ಯಾಬ್ ಕೊಳ್ಳುವ ಮುನ್ನ ಕಣ್ಣಿನ ಲೆಕ್ಕ

ಈ ಅಂಕಣದಲ್ಲಿ ಟ್ಯಾಬ್ಲೆಟ್ ಎಂದರೆ ಊಟವಾದ ಮೇಲೆ ನುಂಗುವ ಗುಳಿಗೆ ಎಂದೇ ಓದುಗರಿಗೆ ರೂಢಿ. ಈ ವಾರ ಮಾತ್ರ ಅದು ಮಕ್ಕಳು ತೊಡೆಯ ಮೇಲಿಟ್ಟುಕೊಂಡು ಓದುವ ಟ್ಯಾಬ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಹೈಸ್ಕೂಲು ಮೆಟ್ಟಿಲೇರಿದ ಮಗುವಿರುವ ಮನೆಗಳಲ್ಲಿ ‘ಯಾವ ಕಂಪನಿಯದು ಕೊಡಿಸೋಣ?’ ಎಂಬ ಪ್ರಶ್ನೆ ಏಳುತ್ತಲೇ ಇರುತ್ತದೆ. ರಾಜ್ಯ ಸರಕಾರ 2021ರಲ್ಲಿ ಸರಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಾಗ ಈ ಪ್ರಶ್ನೆ ಇರಲಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡರಾಯಿತು. ಸ್ವಂತ ದುಡ್ಡು ಹಾಕುವಾಗ ಆಯ್ಕೆ ನಿಮ್ಮದು.

ಅಂಗಡಿಯವರು ವೇಗ, ಮೆಮೊರಿ, ಕ್ಯಾಮರಾಗಳ ಬಗ್ಗೆ ಹೇಳುತ್ತಾರೆ. ಇವು ಯಾವುವೂ ಮಗುವಿನ ಕಣ್ಣಿಗೆ ಸಂಬಂಧಿಸಿದವಲ್ಲ. ನೀವು ಕೇಳಬೇಕಾದ್ದು ಬೇರೆ: ಇದರಲ್ಲಿ ಕನ್ನಡ ಪಠ್ಯಪುಸ್ತಕದ ಪುಟವನ್ನು ಒಂದೂವರೆ ಅಡಿ ದೂರದಿಂದ ಓದಲು ಆಗುತ್ತದೆಯೇ?

ಪರದೆಯ ಅಂಗುಲವನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಹಾಗಾಗಿ ಅಗಲ ನಾವು ಊಹಿಸಿದ್ದಕ್ಕಿಂತ ಕಡಿಮೆ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9ರ ಪರದೆ 8.7 ಅಂಗುಲದ್ದು, ನೆಟ್ಟಗೆ ಹಿಡಿದರೆ ಅಗಲ 11 ಸೆಂಟಿಮೀಟರ್ ಚಿಲ್ಲರೆ. ಜೆರಾಕ್ಸ್ ಅಂಗಡಿಯ ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಅಂದರೆ ಪ್ರಶ್ನೆಪತ್ರಿಕೆಯ ಇಡೀ ಪುಟವನ್ನು ಇದರಲ್ಲಿ ತೆರೆದರೆ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗುತ್ತದೆ. ಅದೇ ಕಂಪನಿಯ ಎ9 ಪ್ಲಸ್ 11 ಅಂಗುಲದ್ದು. ಅಲ್ಲಿ ಪುಟ ನೂರಕ್ಕೆ 70ರಷ್ಟು ಗಾತ್ರದಲ್ಲಿ ಕಾಣುತ್ತದೆ. 2022ರ ಆಪಲ್ ಐಪ್ಯಾಡ್ 10.9 ಅಂಗುಲದ್ದಾದರೂ ಆಕಾರ ಸ್ವಲ್ಪ ಅಗಲವಾದ್ದರಿಂದ ನೂರಕ್ಕೆ 75ರಷ್ಟು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ, ಮೇಲೆ ಗುಡಿಸು. ‘ರಾಷ್ಟ್ರ’, ‘ವಸ್ತ್ರ’ ಎಂಬಲ್ಲಿ ಎರಡೆರಡು ಒತ್ತು ಜೋತುಬೀಳುತ್ತವೆ. ಪರದೆಯ ಚುಕ್ಕೆಗಳು ವಿರಳವಾಗಿದ್ದರೆ ಮೊದಲು ಕಲಸಿಹೋಗುವುದು ಈ ಒತ್ತುಗಳೇ. ಮೇಲೆ ಹೇಳಿದ ಮೂರರಲ್ಲಿ ಪ್ರತಿ ಅಂಗುಲಕ್ಕೆ ಇರುವ ಚುಕ್ಕೆಗಳು ಕ್ರಮವಾಗಿ ಸುಮಾರು 179, 206 ಮತ್ತು 264. ಬೆಲೆಯಲ್ಲಿ ಕೊನೆಯದಕ್ಕೂ ಉಳಿದವಕ್ಕೂ ಅಜಗಜಾಂತರ. ಶಾಲೆಯ ಓದಿಗೆ ನಡುವಿನದು ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದ ದುಡ್ಡಿಗೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ. ಬೇರೆ ಕಂಪನಿಯದಾದರೂ ಅಡ್ಡಿಯಿಲ್ಲ, 10 ಅಂಗುಲಕ್ಕೆ ಕಡಿಮೆಯಿಲ್ಲದಿದ್ದರೆ ಆಯಿತು.

‘ದೊಡ್ಡದು ಭಾರವಲ್ಲವೆ?’ ಎನ್ನಬಹುದು. ನಿಜ, ಎ9 332 ಗ್ರಾಂ, ಎ9 ಪ್ಲಸ್ 480 ಗ್ರಾಂ. ನನಗೆ ಇದು ಲಾಭವಾಗಿಯೇ ಕಾಣುತ್ತದೆ. ಹಗುರವಾದದ್ದನ್ನು ಮಗು ಹಾಸಿಗೆಯಲ್ಲಿ ಅಂಗಾತ ಮಲಗಿ ಮೂಗಿನ ಮೇಲೆ ಹಿಡಿದುಕೊಳ್ಳುತ್ತದೆ. ಭಾರವಾದದ್ದನ್ನು ಎಲ್ಲಾದರೂ ಇಡಲೇಬೇಕು. ಅಟ್ಟದಲ್ಲಿ ಅಜ್ಜನ ಕಾಲದ ವ್ಯಾಸಪೀಠವಿದ್ದರೆ ಧೂಳು ಒರೆಸಿ ಕೆಳಗಿಳಿಸಿ. ಟ್ಯಾಬ್ ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಆಸರೆ ಬೇಕಿಲ್ಲ. ಕತ್ತು ಬಗ್ಗುವುದಿಲ್ಲ, ದೂರವೂ ಉಳಿಯುತ್ತದೆ.

ದೂರದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆಯೂ ಬೆಳೆಯುತ್ತಿರುತ್ತದೆ. ಸದಾ ಹತ್ತಿರದ್ದನ್ನೇ ನೋಡುತ್ತ, ಬಿಸಿಲು ಕಾಣದೆ ಒಳಗೇ ಇರುವ ಮಕ್ಕಳಲ್ಲಿ ಅದು ಅಗತ್ಯಕ್ಕಿಂತ ಉದ್ದವಾಗುವ ಸಂಭವ ಹೆಚ್ಚು. ಆಗ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡಿ ದೂರದ್ದು ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಉದ್ದವಾದ ಗುಡ್ಡೆ ಮತ್ತೆ ಮೊದಲಿನಂತಾಗುವುದಿಲ್ಲ. ದೋಷ ತೀರಾ ಹೆಚ್ಚಿದವರಿಗೆ ಮುಂದೆ ಅಕ್ಷಿಪಟಲ ಕಳಚುವ ಅಪಾಯವೂ ಉಂಟು.

ಚೀನದ ಗುವಾಂಗ್‌ಝೌ ನಗರದಲ್ಲಿ ಆರೇಳು ವರ್ಷದ ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಆ ಶಾಲೆಗಳ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ 30.4 ಮಂದಿಗೆ, ಉಳಿದ ಶಾಲೆಗಳಲ್ಲಿ 39.5 ಮಂದಿಗೆ. ಪಾವಗಡದಲ್ಲಿ ಬಿಸಿಲಿಗೇನು ಬರ? ಸುಮಾರು 13,000 ಎಕರೆಯಲ್ಲಿ ಸೌರಫಲಕ ಹಾಸಿ 2,050 ಮೆಗಾವಾಟ್ ವಿದ್ಯುತ್ ತೆಗೆಯುವ ಊರು ಅದು. ಬೆಳಗ್ಗೆ, ಸಂಜೆ ಮಕ್ಕಳನ್ನು ಬಯಲಿಗೆ ಕಳಿಸಿ. ಟ್ಯಾಬ್ ಮನೆಯಲ್ಲೇ ಇರಲಿ.

ಇನ್ನು ‘ನೀಲಿ ಬೆಳಕು ತಡೆಯುತ್ತದೆ’ ಎಂಬ ಮಾತು. ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ನೀಲಿ ಬೆಳಕು ತಡೆಯುವ ಕನ್ನಡಕಗಳ ಬಗ್ಗೆ ನಡೆದ 17 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2023ರಲ್ಲಿ ಪರಿಶೀಲಿಸಿತು. ಕಣ್ಣಿನ ಆಯಾಸ ಅವುಗಳಿಂದ ಕಡಿಮೆಯಾಗುವ ಸಾಧ್ಯತೆ ಕಾಣಲಿಲ್ಲ. ಪರದೆ ನೋಡುವಾಗ ಕಣ್ಣು ಉರಿಯುವುದು ಬಹುಮಟ್ಟಿಗೆ ನಾವು ರೆಪ್ಪೆ ಬಡಿಯುವುದನ್ನೇ ಮರೆಯುವುದರಿಂದ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆಯ ಮರವನ್ನು ನೋಡಲು ಮಗುವಿಗೆ ಹೇಳಿ. ಕರೆಂಟ್ ಹೋದಾಗ ಕತ್ತಲಲ್ಲಿ ಪರದೆಯೊಂದೇ ಉರಿಯುವಂತೆ ಬಿಡಬೇಡಿ. ಚಾರ್ಜಿನ ದೀಪವೊಂದು ಪಕ್ಕದಲ್ಲಿರಲಿ. ಮಲಗುವ ಮುಂಚಿನ ಒಂದು ಗಂಟೆ ಪುಸ್ತಕವೇ ಸರಿ.

ಉಳಿದ ದುಡ್ಡಿನ ವಿಷಯಕ್ಕೆ ಬರೋಣ. ‘ಚಿಕ್ಕ ಪರದೆಯಲ್ಲಿ ಕಾಣುವುದಿಲ್ಲ, ದೊಡ್ಡದು ಕೊಡಿಸಿ’ ಎಂದು ಮಗು ಹಟ ಹಿಡಿದರೆ ಅದು ಬರೀ ಹಟವಲ್ಲದಿರಬಹುದು. ಗೋಡೆಯ ಕ್ಯಾಲೆಂಡರಿನಿಂದ ಹತ್ತು ಅಡಿ ದೂರ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ತಾರೀಖು ಓದಿಸಿ. ಒಂದು ಕಣ್ಣಿಗೆ ಕಂಡದ್ದು ಇನ್ನೊಂದಕ್ಕೆ ಕಾಣದಿದ್ದರೆ, ಕಣ್ಣು ಕಿರಿದು ಮಾಡಿ ನೋಡಿದರೆ, ಕರಿಹಲಗೆ ಕಾಣುವುದಿಲ್ಲವೆಂದು ಮುಂದಿನ ಬೆಂಚಿಗೆ ಓಡುವ ಅಭ್ಯಾಸವಿದ್ದರೆ, ಟ್ಯಾಬ್ ಅಂಗಡಿಗೆ ಹೋಗುವುದನ್ನು ಮುಂದೂಡಿ ಕಣ್ಣಿನ ಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಪಾವಗಡದಲ್ಲಿ ಶ್ರೀ ಶಾರದಾದೇವಿ ಕಣ್ಣಾಸ್ಪತ್ರೆಯೂ ಇದೆ. ಕನ್ನಡಕ ಬೇಕೆಂದಾದರೆ ಮೊದಲು ಅದನ್ನು ಹಾಕಿಸಿ.

ಆಮೇಲೆ ಮಗುವನ್ನೇ ಅಂಗಡಿಗೆ ಕರೆದೊಯ್ಯಿರಿ, ಕನ್ನಡಕ ಹಾಕಿಕೊಂಡೇ ಬರಲಿ. ಅಂಗಡಿಯವರು ತೋರಿಸುವ ಬಣ್ಣಬಣ್ಣದ ಸಿನಿಮಾ ಬೇಡ. ಪಠ್ಯಪುಸ್ತಕದ ಒಂದು ಪುಟ ತೆರೆಸಿ, ಟ್ಯಾಬನ್ನು ಕೌಂಟರಿನ ಮೇಲೆ ನಿಲ್ಲಿಸಿ, ಒಂದೂವರೆ ಅಡಿ ದೂರದಿಂದ ಗಟ್ಟಿಯಾಗಿ ಓದಲು ಹೇಳಿ.