ತಪ್ಪೆಲ್ಲ ದೆವ್ವಗಳದ್ದೇ

ಕತ್ತಲ ಹಜಾರದಲ್ಲಿ ಕಪ್ಪು ಬಗ್ಗಿಗಳ ಸಾಲು ನಿಧಾನಕ್ಕೆ ಸಾಗುತ್ತಿರುತ್ತದೆ. ಥಟ್ಟನೆ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತವೆ. ಕೆಲವರು ತಾನಾಗಿ ಉಬ್ಬಿ ಉಸಿರಾಡುವ ಬಾಗಿಲಿನ ಎದುರು ಸಿಕ್ಕಿಬಿದ್ದಿರುತ್ತಾರೆ, ಕೆಲವರು ಸ್ಮಶಾನದ ಹಾಡುಗಾರರ ಎದುರು, ಅದೃಷ್ಟ ಕೆಟ್ಟವರು ಬರೀ ಗೋಡೆಯ ಎದುರು. ಆಗ ತಲೆಯ ಹಿಂದಿನ ಸ್ಪೀಕರಿನಿಂದ ಗಡಸು ದನಿಯೊಂದು ಹೊರಡುತ್ತದೆ. ಕೀಟಲೆ ಪ್ರೇತಗಳು ನಮ್ಮ ಪ್ರಯಾಣಕ್ಕೆ ಅಡ್ಡಗಾಲು ಹಾಕಿವೆ, ಕೂತಲ್ಲೇ ಕೂತಿರಿ, ಈಗಲೇ ಹೊರಡೋಣ ಎಂಬರ್ಥದ ಎರಡು ಮಾತು. ಮಕ್ಕಳು ಕಿಸಕ್ಕೆಂದು ನಗುತ್ತಾರೆ. ಸ್ವಲ್ಪ ಹೊತ್ತಿಗೆ ಸಾಲು ಮತ್ತೆ ಚಲಿಸುತ್ತದೆ.

ಅಡ್ಡಗಾಲು ಹಾಕಿದ್ದು ಪ್ರೇತವಲ್ಲ. ಬಹಳ ಸಲ ನಡೆದಿರುವುದು ಇಷ್ಟೇ: ಹತ್ತುವ ಜಾಗದಲ್ಲಿ ಯಾರೋ ಒಬ್ಬರು ವೀಲ್‌ಚೇರಿನಿಂದ ಬಗ್ಗಿಯ ಸೀಟಿಗೆ ದಾಟಿಕೊಳ್ಳುತ್ತಿದ್ದಾರೆ, ಅಥವಾ ಊರುಗೋಲು ಹಿಡಿದ ಅಜ್ಜಿಯೊಬ್ಬರು ಇಳಿಯುತ್ತಿದ್ದಾರೆ. ಅವರಿಗೆ ಬೇಕಾದಷ್ಟು ಹೊತ್ತು ಇಡೀ ದೆವ್ವದ ಮನೆ ಕಾಯುತ್ತದೆ. ಕಾಯುವವರಿಗೆ ಕಾರಣ ಗೊತ್ತಾಗುವುದಿಲ್ಲ. ಆದ್ದರಿಂದ ಗೊಣಗುವುದೂ ಇಲ್ಲ, ತಿರುಗಿ ನೋಡುವುದೂ ಇಲ್ಲ. ಅಂಗವಿಕಲರಿಗೆ ಸಾರ್ವಜನಿಕ ಜಾಗಗಳಲ್ಲಿ ಎಷ್ಟೋ ಸಲ ಮೆಟ್ಟಿಲಿಗಿಂತ ಭಾರವಾಗುವುದು ಹಿಂದೆ ನಿಂತ ಸಾಲಿನ ಕಣ್ಣು. ಆ ಕಣ್ಣನ್ನು ತಪ್ಪಿಸುವ ಉಪಾಯ ಇಲ್ಲಿ ಕಥೆಯೊಳಗೇ ಹೆಣೆದುಕೊಂಡಿದೆ. ಈ ಧ್ವನಿಮುದ್ರಿಕೆಯ ಬೆನ್ನು ಹತ್ತಿಯೇ ನಾನು ಈ ಮನೆಯ ಬಗ್ಗೆ ಓದತೊಡಗಿದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್ ಊರಿನ ಡಿಸ್ನಿಲ್ಯಾಂಡ್‌ನಲ್ಲಿದೆ ಈ ಹಾಂಟೆಡ್ ಮ್ಯಾನ್ಷನ್. ಎತ್ತರದ ಮಿತಿ ಇಲ್ಲ. ಕಂಕುಳ ಕೂಸನ್ನೂ ಒಯ್ಯಬಹುದು. ವರ್ಷದ ಬಹುಭಾಗ ಮಾಮೂಲಿ ದೆವ್ವದ ಮನೆ. ಬೇಸಿಗೆ ಮುಗಿಯುತ್ತಿದ್ದಂತೆ ಕೆಲವು ದಿನ ಬಾಗಿಲು ಹಾಕಿಕೊಂಡು ಹ್ಯಾಲೋವೀನ್ ವೇಷ ತೊಡುತ್ತದೆ. 2001ರಿಂದ ನಡೆದುಬಂದಿರುವ ಪದ್ಧತಿ ಇದು. 1993ರ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಸಿನಿಮಾದ ಜ್ಯಾಕ್ ಸ್ಕೆಲಿಂಗ್ಟನ್ ಎಂಬ ಕಡ್ಡಿಕಾಲಿನ ಅಸ್ಥಿಪಂಜರ ಆಗ ಯಜಮಾನ. ವರಾಂಡದ ತುಂಬ ಕುಂಬಳಕಾಯಿ, ಮೇಣದಬತ್ತಿ. ನೃತ್ಯಶಾಲೆಯ ಊಟದ ಮೇಜಿನ ಮೇಲೆ ಪ್ರತಿವರ್ಷ ಹೊಸ ವಿನ್ಯಾಸದ ಜಿಂಜರ್‌ಬ್ರೆಡ್ ಮನೆ. ಅಕ್ಟೋಬರ್ 31ರ ರಾತ್ರಿ ಅಮೆರಿಕದ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಿಕೊಂಡು ಹೋಗುತ್ತಾರಲ್ಲ, ಆ ಹಬ್ಬ ವೀಲ್‌ಚೇರಿನ ಮಗುವಿಗೆ ಸುಲಭದ್ದಲ್ಲ. ಬಹುಪಾಲು ಮನೆಗಳ ಮುಂಬಾಗಿಲಿಗೆ ನಾಲ್ಕು ಮೆಟ್ಟಿಲಾದರೂ ಇರುತ್ತವೆ. ಕೆಳಗೆ ನಿಂತು ಅಣ್ಣನೋ ಅಕ್ಕನೋ ತಂದುಕೊಡುವ ಮಿಠಾಯಿಗೆ ಕಾಯಬೇಕು. ಹಾಗಾಗಿ ಇಂಥ ಪಾರ್ಕುಗಳ ಹ್ಯಾಲೋವೀನ್ ಅಲ್ಲಿನ ಎಷ್ಟೋ ಕುಟುಂಬಗಳಿಗೆ ಹಬ್ಬಕ್ಕಿರುವ ಇನ್ನೊಂದು ಬಾಗಿಲು.

ಮನೆಯ ಚರಿತ್ರೆ ತಮಾಷೆಯದು. ಹೊರಗಿನ ಕಟ್ಟಡ 1963ರಲ್ಲೇ ಎದ್ದು ನಿಂತಿತು. ಒಳಗೆ ಏನೂ ಇರಲಿಲ್ಲ. ನಿವೃತ್ತರಾಗಬಯಸುವ ದೆವ್ವಗಳಿಗೆ ಮನೆ ಖಾಲಿ ಇದೆ ಎಂಬ ಧಾಟಿಯ ಫಲಕವೊಂದು ಗೇಟಿನಲ್ಲಿ ತೂಗಾಡುತ್ತಿತ್ತು. ಅಷ್ಟರಲ್ಲಿ ನ್ಯೂಯಾರ್ಕಿನ 1964-65ರ ವಿಶ್ವಮೇಳದ ಕೆಲಸ ಬಂತು, ಕಲಾವಿದರೆಲ್ಲ ಅತ್ತ ಹೋದರು. 1966ರ ಡಿಸೆಂಬರ್‌ನಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡರು. ಮನೆ ಭಯ ಹುಟ್ಟಿಸಬೇಕೋ ನಗಿಸಬೇಕೋ ಎಂದು ಒಳಗಿನವರಲ್ಲೇ ಜಗ್ಗಾಟ. ಕಲಾವಿದರಲ್ಲಿ ಕ್ಲಾಡ್ ಕೋಟ್ಸ್‌ಗೆ ಮಬ್ಬು ಕವಿದ ಓಣಿಗಳು ಬೇಕು, ಮಾರ್ಕ್ ಡೇವಿಸ್‌ಗೆ ಚೇಷ್ಟೆಯ ಪಾತ್ರಗಳು ಬೇಕು. ಕೊನೆಗೆ ಎರಡನ್ನೂ ಇಟ್ಟುಕೊಂಡು 1969ರ ಆಗಸ್ಟ್ 9ರಂದು ಬಾಗಿಲು ತೆರೆದರು. ಮೊದಲರ್ಧ ಹೆದರಿಕೆ, ಉಳಿದರ್ಧ ಸಂತೆ.

ಆದರೆ ನಮ್ಮ ವಿಷಯಕ್ಕೆ ಮುಖ್ಯವಾದ ತಿರುವು ಬೇರೆ. ಮೊದಲ ಯೋಜನೆಯ ಪ್ರಕಾರ ಇದು ನಡೆದು ನೋಡುವ ಮನೆಯಾಗಬೇಕಿತ್ತು. ಜನ ಗುಂಪಾಗಿ ಕೋಣೆಯಿಂದ ಕೋಣೆಗೆ ನಡೆಯುತ್ತ ದೆವ್ವ ನೋಡುವುದು. ಹಾಗೇ ಆಗಿದ್ದರೆ ಒಂದು ವೀಲ್‌ಚೇರ್ ಕೂಡ ಗುಂಪಿನ ಜೊತೆ ಕೊನೆಯವರೆಗೆ ಉರುಳಿಕೊಂಡು ಹೋಗಬಹುದಿತ್ತು. ನಡೆಯುವ ಜನ ನಿಂತು ನೋಡುತ್ತಾರೆ, ಸಾಲು ಬೆಳೆಯುತ್ತದೆ ಎಂಬ ಲೆಕ್ಕ ಬಂದು ಆ ಯೋಜನೆ ಬಿತ್ತು. ಅದರ ಜಾಗಕ್ಕೆ ಬಂದದ್ದು ಆಮ್ನಿಮೂವರ್ ಎಂಬ ಯಂತ್ರ. ಬಾಬ್ ಗರ್ ಮತ್ತು ಜಾನ್ ಹೆಂಚ್ ರೂಪಿಸಿದ ಇದನ್ನು 1967ರಲ್ಲಿ ಅದೇ ಪಾರ್ಕಿನ ಬೇರೊಂದು ಸವಾರಿಯಲ್ಲಿ ಮೊದಲು ಬಳಸಿದ್ದರು. ಜಾತ್ರೆಯ ತಿರುಗುವ ತೊಟ್ಟಿಲಿನವನು ಪ್ರತಿ ತೊಟ್ಟಿಲನ್ನೂ ನೆಲದ ಹತ್ತಿರ ನಿಲ್ಲಿಸಿ ಜನ ಹತ್ತಿಸುತ್ತಾನೆ. ಇದು ಹಾಗಲ್ಲ. ನೂರಕ್ಕೂ ಮೀರಿದ ಬಗ್ಗಿಗಳು ಒಂದೇ ಸರಪಳಿಗೆ ಕಟ್ಟಿಕೊಂಡು ಬೆಳಗಿನಿಂದ ರಾತ್ರಿವರೆಗೆ ಸಾಗುತ್ತಲೇ ಇರುತ್ತವೆ. ಪಕ್ಕದಲ್ಲಿ ಅದೇ ವೇಗದಲ್ಲಿ ಸರಿಯುವ ಒಂದು ಬೆಲ್ಟ್. ಜನ ಅದರ ಮೇಲೆ ನಡೆದು ಬಗ್ಗಿಯೊಳಗೆ ಕೂರುತ್ತಾರೆ. ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ದಾಟಿಹೋಗುತ್ತಾರೆ. ಬಗ್ಗಿ ಬೇಕಾದ ಕಡೆಗೆ ತಾನೇ ಮುಖ ತಿರುಗಿಸುವುದರಿಂದ, ನೋಡಬಾರದ ತಂತಿ, ಕನ್ನಡಿ, ಮೋಟಾರು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದೇ ಸರಪಳಿ ಎಂದಮೇಲೆ ಒಂದು ಬಗ್ಗಿಯನ್ನು ಮಾತ್ರ ನಿಲ್ಲಿಸುವಂತಿಲ್ಲ. ನಿಂತರೆ ಎಲ್ಲವೂ ನಿಲ್ಲಬೇಕು. ಒಬ್ಬರ ಕಾಲು ಬಾರದಿದ್ದರೆ ಮನೆಯೊಳಗಿರುವ ಎಲ್ಲರೂ ಕಾಯಬೇಕಾದದ್ದು ಈ ಯಂತ್ರದ ಸ್ವಭಾವ. ಇದನ್ನು ದೋಷ ಎಂದು ಕರೆಯುವವರು ಇಂಜಿನಿಯರುಗಳು. ನನಗಂತೂ ಒಂದು ಒಳ್ಳೆಯ ಸಮಾಜ ಹೀಗೇ ಇರಬೇಕು ಅನ್ನಿಸಿತು, ಇರಲಿ.

ಹತ್ತುವ ಕ್ರಮ ಹೀಗೆ. ವೀಲ್‌ಚೇರಿನಲ್ಲಿ ಬಂದವರು ಸಿಬ್ಬಂದಿಗೆ ಮೊದಲೇ ತಿಳಿಸಬೇಕು. ಬೆಲ್ಟನ್ನು ನಿಧಾನಿಸುತ್ತಾರೆ, ಬೇಕಿದ್ದರೆ ಪೂರ್ತಿ ನಿಲ್ಲಿಸುತ್ತಾರೆ. ಆಮೇಲಿನ ಕೆಲಸ ಬಂದವರದ್ದೇ. ಸಿಬ್ಬಂದಿ ಯಾರನ್ನೂ ಎತ್ತಿ ಕೂರಿಸುವಂತಿಲ್ಲ, ಅದು ಕಂಪನಿಯ ನಿಯಮ. ತೋಳಿನಲ್ಲಿ ಕಸುವಿದ್ದವರು ಕುರ್ಚಿಯ ಬ್ರೇಕ್ ಹಾಕಿ, ಬಗ್ಗಿಯ ಅಂಚಿಗೆ ಕೈಯೂರಿ, ಸೊಂಟವನ್ನು ಜಾರಿಸಿಕೊಂಡು ಒಳಗೆ ಸೇರುತ್ತಾರೆ. ಅದಾಗದವರನ್ನು ಜೊತೆಗೆ ಬಂದ ಅಪ್ಪನೋ ಗಂಡನೋ ಗೆಳತಿಯೋ ಎತ್ತಬೇಕು. ಬಗ್ಗಿಯ ಚಿಪ್ಪಿನಾಕಾರದ ಬೆನ್ನು ಹೆದರಿಕೆಗೆ ಚೆನ್ನ, ಎತ್ತಿ ಕೂರಿಸುವವರ ನಡುವಿಗಲ್ಲ. ತೊಡೆಯ ಮೇಲಿನ ಅಡ್ಡಪಟ್ಟಿ ಕೆಳಗಿಳಿಯುತ್ತದೆ, ಖಾಲಿ ಕುರ್ಚಿ ಇಳಿಯುವ ಕಡೆಗೆ ಹೋಗುತ್ತದೆ, ಸರಪಳಿ ಅಲ್ಲಾಡುತ್ತದೆ. ಒಂಟಿಯಾಗಿ ಬಂದವರು, ಎತ್ತುವವರು ಇಲ್ಲದವರು, ದೊಡ್ಡ ವಿದ್ಯುತ್ ಕುರ್ಚಿಯ ಆಸರೆಯಿಲ್ಲದೆ ಬೆನ್ನು ನಿಲ್ಲದವರು ಇಲ್ಲಿಂದಲೇ ಹಿಂತಿರುಗಬೇಕು. ಈ ಮನೆಯಲ್ಲಿ 999 ಪ್ರೇತಗಳಿದ್ದು ಸಾವಿರನೆಯದಕ್ಕೆ ಜಾಗವಿದೆ ಎಂದು ಒಳಗಿನ ದನಿ ಕೊಚ್ಚಿಕೊಳ್ಳುತ್ತದೆ. ಜಾಗವೇನೋ ಇದೆ, ಆದರೆ ಕುರ್ಚಿ ಬಿಟ್ಟು ಬರಬೇಕು.

ಯಾಕೆ ಬಿಡಬೇಕು? ಕೇಳಿದರೆ ಸಿಗುವ ಉತ್ತರ ಸುರಕ್ಷತೆ. ಸವಾರಿ ನಡುವೆ ಕೆಟ್ಟು ನಿಂತರೆ ಜನರನ್ನು ಹೊರಗೆ ತರುವುದು ಹೇಗೆಂಬ ಪ್ರಶ್ನೆ. ಪ್ರಶ್ನೆ ಪೊಳ್ಳಲ್ಲ. ಇದೇ ಡಿಸ್ನಿಲ್ಯಾಂಡ್‌ನ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ದೋಣಿ ಸವಾರಿಯಲ್ಲಿ ವೀಲ್‌ಚೇರ್ ಸಮೇತ ಕೂರುವ ದೋಣಿಯಿದೆ. 2009ರಲ್ಲಿ ಅದು ಕೆಟ್ಟು ನಿಂತಿತು. ಉಳಿದವರನ್ನೆಲ್ಲ ಇಳಿಸಿ ನಡೆಸಿಕೊಂಡು ಹೋದರು. ಕೈಕಾಲು ಸ್ವಾಧೀನವಿಲ್ಲದ ಒಬ್ಬ ಪ್ರವಾಸಿಯನ್ನು ಮಾತ್ರ ಇಳಿಸಲಾಗಲಿಲ್ಲ. ಸುಮಾರು ಅರ್ಧ ಗಂಟೆ ಅವರು ಅಲ್ಲೇ ಇದ್ದರು, ಆ ಸವಾರಿಯ ಕೊನೆಯಿಲ್ಲದ ಹಾಡು ಕೇಳುತ್ತ. 2013ರಲ್ಲಿ ನ್ಯಾಯಾಲಯ ಅವರಿಗೆ 8,000 ಡಾಲರ್ ಪರಿಹಾರ ಕೊಡಿಸಿತು. ಇದನ್ನು ಓದಿ ಕುರ್ಚಿಯನ್ನು ಒಳಗೆ ಬಿಡದಿರುವುದೇ ಒಳ್ಳೆಯದು ಎಂದು ಒಬ್ಬರಿಗೆ ಅನ್ನಿಸಬಹುದು, ಇಳಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟಿರಬೇಕಿತ್ತು ಎಂದು ಇನ್ನೊಬ್ಬರಿಗೆ. ನಾನು ಎರಡನೆಯವರ ಪಕ್ಷ.

ಪಕ್ಷ ವಹಿಸಲು ಕಾರಣವಿದೆ. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ 1998ರಲ್ಲಿ ಶುರುವಾದ ಬಜ್ ಲೈಟ್‌ಇಯರ್ ಸವಾರಿಯೂ ಇದೇ ಆಮ್ನಿಮೂವರ್. ಅಲ್ಲಿ ಕುರ್ಚಿಯಿಂದ ಏಳದೆ, ಕುರ್ಚಿ ಸಮೇತ ಹೋಗಬಹುದು. ಸಮುದ್ರಕನ್ಯೆ ಏರಿಯಲ್‌ಳ ಸವಾರಿಯಲ್ಲೂ ಹಾಗೆಯೇ. ಅದೇ ಸರಪಳಿ, ಅದೇ ಬೆಲ್ಟು. ಅಂಗವಿಕಲರ ಹಕ್ಕಿನ ಅಮೆರಿಕದ ಕಾಯಿದೆ ಬಂದದ್ದು 1990ರಲ್ಲಿ. ಅದರಡಿ 2012ರ ಮಾರ್ಚ್‌ನಿಂದ ಕಡ್ಡಾಯವಾದ ಮಾನದಂಡಗಳ ಪ್ರಕಾರ ಹೊಸ ಸವಾರಿಯಲ್ಲಿ ವೀಲ್‌ಚೇರಿಗೆ ಜಾಗವೋ, ದಾಟಿಕೊಳ್ಳಲು ಅನುಕೂಲವಾದ ಸೀಟೋ, ಸಾಧನವೋ ಇರಲೇಬೇಕು. ಹಳೆಯವಕ್ಕೆ ವಿನಾಯಿತಿ. 1969ರ ಮನೆ ಹಳೆಯದು.

ಕಣ್ಣು, ಕಿವಿ, ಮನಸ್ಸಿನ ಮಾತಿಗೆ ಬಂದರೆ ಮನೆ ಇನ್ನಷ್ಟು ಉದಾರಿ. ಅಂಗೈಯಲ್ಲಿ ಹಿಡಿಯುವ ಒಂದು ಸಾಧನವನ್ನು ಪಾರ್ಕಿನ ಕಚೇರಿಯಲ್ಲಿ ಠೇವಣಿ ಇಟ್ಟು ಪಡೆಯಬಹುದು. ಕಿವಿ ಕೇಳದವರಿಗೆ ಅದರ ತೆರೆಯ ಮೇಲೆ ಮಾತುಗಳು ಅಕ್ಷರವಾಗಿ ಬರುತ್ತವೆ, ಕಣ್ಣು ಕಾಣದವರಿಗೆ ಎದುರಿನ ದೃಶ್ಯವನ್ನು ಅದು ವರ್ಣಿಸುತ್ತದೆ. ನೃತ್ಯಶಾಲೆಯಲ್ಲಿ ಪಾರದರ್ಶಕ ಜೋಡಿಗಳು ಗಿರಗಿರ ತಿರುಗುವುದು 1862ರಲ್ಲಿ ಲಂಡನ್ನಿನ ಜನರನ್ನು ಬೆರಗುಗೊಳಿಸಿದ ಪೆಪರ್ಸ್ ಘೋಸ್ಟ್ ಎಂಬ ಗಾಜಿನ ಚಮತ್ಕಾರದಿಂದ. ಅದು ಪೂರಾ ಕಣ್ಣಿನ ಮೋಸ. ಕಾಣದವರಿಗೆ ಅದನ್ನು ಹೇಳಿ ಕಾಣಿಸುವುದು ಸಣ್ಣ ಕೆಲಸವಲ್ಲ.

ಇನ್ನು ಆಟಿಸಂ ಇರುವ ಮಕ್ಕಳು. ಯಾವ ಸವಾರಿಯಲ್ಲಿ ಕತ್ತಲಿದೆ, ಎಲ್ಲಿ ಜೋರು ಸದ್ದು, ಎಲ್ಲಿ ಮಿಂಚು, ಎಲ್ಲಿ ವಾಸನೆ, ಎಲ್ಲಿ ಅಡ್ಡಪಟ್ಟಿ ಬಿಗಿಯುತ್ತದೆ ಎಂಬ ವಿವರವನ್ನು ಡಿಸ್ನಿ ಮೊದಲೇ ಪ್ರಕಟಿಸುತ್ತದೆ. ದೆವ್ವದ ಮನೆಯ ಗುಟ್ಟನ್ನೆಲ್ಲ ಬಾಗಿಲಲ್ಲೇ ಬಿಟ್ಟುಕೊಟ್ಟರೆ ಹೆದರಿಕೆಯ ಮಜಾ ಎಲ್ಲಿ ಉಳಿಯಿತು ಎಂದು ಕೇಳಬಹುದು. ಈ ಮನೆಯ ಅಭಿಮಾನಿಗಳನ್ನು ನೋಡಿ. ಯಾವ ಗೋಡೆಯ ಹಿಂದಿನಿಂದ ಯಾರು ಇಣುಕುತ್ತಾರೆ ಎಂದು ಬಾಯಿಪಾಠವಾಗಿದ್ದರೂ ಮತ್ತೆ ಮತ್ತೆ ಹೋಗುತ್ತಾರೆ. ಗೊತ್ತಿದ್ದೂ ಬೆಚ್ಚುವ ಸುಖವೇ ಬೇರೆ. ಶುರುವಿನ ಎಂಟು ಗೋಡೆಯ ಕೋಣೆ ಉದ್ದಕ್ಕೆ ಹಿಗ್ಗಿ, ದೀಪ ಆರಿ, ಕಿರುಚಾಟ ಕೇಳುವುದು ಚಿಕ್ಕ ಮಕ್ಕಳಿಗೆ ಅತಿ ಕಠಿಣ ಗಳಿಗೆ. ಆ ಕೋಣೆ ಅಸಲಿಗೆ ಒಂದು ಲಿಫ್ಟು, ಪಾರ್ಕನ್ನು ಸುತ್ತುವ ರೈಲುಹಳಿಯ ಕೆಳಗೆ ಜನರನ್ನು ದಾಟಿಸಲೆಂದು ಮಾಡಿದ್ದು. ಇದನ್ನು ಮನೆಯಲ್ಲೇ ಹೇಳಿ, ವಿಡಿಯೊ ತೋರಿಸಿ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿಸಿ ಕರೆತರುವ ತಾಯಂದಿರಿದ್ದಾರೆ.

ಸಾಲಿನಲ್ಲಿ ನಿಲ್ಲುವ ವಿಷಯ ಮಾತ್ರ ದೊಡ್ಡ ರಗಳೆ. ಹಿಂದೆ ಅಂಗವಿಕಲರಿಗೆ ಕೊಡುತ್ತಿದ್ದ ಕಾರ್ಡಿನ ದುರುಪಯೋಗದ ಸುದ್ದಿ 2013ರಲ್ಲಿ ಹೊರಬಿತ್ತು. ಸಾಲು ತಪ್ಪಿಸಿಕೊಳ್ಳಲು ಸಿರಿವಂತರು ಅಂಗವಿಕಲ ಗೈಡುಗಳನ್ನು ಬಾಡಿಗೆಗೆ ಗೊತ್ತು ಮಾಡಿಕೊಳ್ಳುತ್ತಾರೆ ಎಂದು ಪತ್ರಿಕೆಯೊಂದು ಬರೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾರ್ಡು ಹೋಗಿ ಹೊಸ ಪದ್ಧತಿ ಬಂತು: ಸಮಯ ಗೊತ್ತುಮಾಡಿಕೊಂಡು ಬೇರೆಡೆ ಕಾದು ಬರುವುದು. ಕಾಯುವುದೇ ಮಗುವಿಗೆ ಆಗದ ಕೆಲಸ ಎಂದು ಆಟಿಸಂ ಕುಟುಂಬಗಳು 2014ರಲ್ಲಿ ಕೋರ್ಟಿಗೆ ಹೋದವು. ಪ್ರಮುಖ ಪ್ರಕರಣದಲ್ಲಿ 2020ರಲ್ಲಿ ಕಂಪನಿ ಗೆದ್ದಿತು. 2024ರ ಜೂನ್‌ನಲ್ಲಿ ನಿಯಮ ಇನ್ನೂ ಬಿಗಿಯಾಗಿ, ಈ ಸೌಲಭ್ಯ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಮಾತ್ರ ಎಂದಾಯಿತು. ದೇಹದ ಕಾಯಿಲೆಯಿಂದ ಹೆಚ್ಚು ಹೊತ್ತು ನಿಲ್ಲಲಾಗದವರು ಹೊರಗುಳಿದರು. 2025ರಲ್ಲಿ ಮತ್ತೆ ಮೊಕದ್ದಮೆ. ಸುಳ್ಳು ಹೇಳಿ ನುಗ್ಗಿದವರ ದಂಡವನ್ನು ನಿಜವಾಗಿ ನರಳುವವರು ಕಟ್ಟುತ್ತಿದ್ದಾರೆ.

2024ರ ಜನವರಿಯಲ್ಲಿ ಮನೆ ದುರಸ್ತಿಗೆಂದು ಮುಚ್ಚಿತು. ಸಾಲು ನಿಲ್ಲುವ ತೋಟ ಹಿಗ್ಗಿತು, ಇಳಿದು ಹೊರಬರುವ ಕಡೆ ಅಂಗವಿಕಲರಿಗೆಂದೇ ಒಂದು ಲಿಫ್ಟ್ ಬಂತು, ಪಕ್ಕದಲ್ಲಿ ಸ್ಮರಣಿಕೆಗಳ ಅಂಗಡಿಯೂ ಬಂತು. ಲಿಫ್ಟ್ ದೊಡ್ಡ ಸಂಗತಿ, ಅದಕ್ಕೆ ಕೃತಜ್ಞರಾಗೋಣ. ಬಗ್ಗಿಗೆ ಹತ್ತುವ ಕ್ರಮ ಮಾತ್ರ ಹಳೆಯದೇ. ಬದಲಾಯಿಸಬಾರದೆಂಬ ಪ್ರೀತಿ ನನಗೂ ಅರ್ಥವಾಗುತ್ತದೆ. ಅರ್ಧ ಶತಮಾನದ ಕೈಕೆಲಸ ಅದು, ಒಂದು ಗೊಂಬೆಯ ಬಟ್ಟೆ ಬದಲಾದರೂ ಅಭಿಮಾನಿಗಳು ಜಗಳಕ್ಕೆ ನಿಲ್ಲುತ್ತಾರೆ. ಆದರೂ ನೂರು ಬಗ್ಗಿಗಳ ನಡುವೆ ಒಂದಕ್ಕೆ ಮಡಚುವ ಬಾಗಿಲು, ಸಣ್ಣ ಇಳಿಜಾರು ಹಾಕಿದರೆ ಆ ಕತ್ತಲಲ್ಲಿ ಯಾರಿಗೆ ತಾನೇ ಕಂಡೀತು?

ಈಗಿನ ಮಟ್ಟಿಗೆ, ಕುರ್ಚಿ ಬಿಟ್ಟು ಏಳಲಾಗದವರ ಹ್ಯಾಲೋವೀನ್ ತೋಟದಲ್ಲೇ ಮುಗಿಯುತ್ತದೆ. ಅಲ್ಲಿ ನೋಡಲು ಕುಂಬಳಕಾಯಿಗಳ ರಾಶಿಯಿದೆ, ಸಾಕುಪ್ರಾಣಿಗಳ ಸಮಾಧಿಗಳಿವೆ. ಮನೆಯವರು ಒಳಗೆ ಹೋಗಿ ಬರಲಿ ಎಂದು ಅವರೇ ಒತ್ತಾಯಿಸಿ ಕಳಿಸಿರುತ್ತಾರೆ. ಸವಾರಿ ಹತ್ತು ನಿಮಿಷವೂ ಇಲ್ಲ. ನಡುವೆ ಕೀಟಲೆ ಪ್ರೇತಗಳು ಅಡ್ಡಬಂದರೆ ಒಂದೆರಡು ನಿಮಿಷ ಜಾಸ್ತಿ.