ನಿಮಗಿದು ಗೊತ್ತೆ?: ನಡೆಯದೇ ಇದ್ದ ಅಪಹರಣದ ನೆನಪು

ಮಕ್ಕಳ ಮನೋವಿಕಾಸದ ಅಧ್ಯಯನಕ್ಕೆ ಹೆಸರಾದ ಸ್ವಿಟ್ಜರ್ಲೆಂಡ್‌ನ ಜೀನ್ ಪಿಯಾಜೆ (1896–1980) ಅವರಿಗೆ ಎರಡನೇ ವಯಸ್ಸಿನ ಘಟನೆಯೊಂದು ಕಣ್ಣಿಗೆ ಕಟ್ಟಿದಂತಿತ್ತು. ಪ್ಯಾರಿಸ್‌ನ ರಸ್ತೆಯಲ್ಲಿ ದಾದಿ ಅವರನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುತ್ತಿದ್ದಾಗ ಒಬ್ಬಾತ ಮಗುವನ್ನು ಕಸಿಯಲು ನುಗ್ಗಿದ. ದಾದಿ ಅಡ್ಡ ನಿಂತಳು, ಮುಖವೆಲ್ಲ ಪರಚಿಹೋಯಿತು. ಬಿಳಿ ಲಾಠಿ ಹಿಡಿದ ಪೊಲೀಸ್ ಬಂದೊಡನೆ ಆತ ಕಾಲ್ಕಿತ್ತ.

ಪಿಯಾಜೆಗೆ ಸುಮಾರು 15 ವರ್ಷವಾದಾಗ ಅದೇ ದಾದಿಯ ಪತ್ರ ಬಂತು. ಕಥೆ ತಾನೇ ಕಟ್ಟಿದ್ದು, ಪರಚು ಗಾಯವೂ ಸುಳ್ಳು ಎಂದು ಒಪ್ಪಿಕೊಂಡು, ಬಹುಮಾನವಾಗಿ ಪಡೆದಿದ್ದ ಗಡಿಯಾರವನ್ನು ಮರಳಿಸಿದ್ದಳು. ಮನೆಯವರ ಬಾಯಲ್ಲಿ ಕೇಳಿದ್ದೇ ಬಾಲಕನ ಮನಸ್ಸಿನಲ್ಲಿ ಸ್ವಂತ ನೆನಪಾಗಿ ಕುಳಿತಿತ್ತು!

1995ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಇದನ್ನೇ ಪ್ರಯೋಗದಲ್ಲಿ ತೋರಿಸಿದರು. ಬಾಲ್ಯದ ನಿಜ ಘಟನೆಗಳ ಜತೆಗೆ, ಮಾಲ್‌ನಲ್ಲಿ ದಾರಿ ತಪ್ಪಿಸಿಕೊಂಡ ಸುಳ್ಳು ಕಥೆಯೊಂದನ್ನೂ 24 ಮಂದಿಗೆ ಕೊಟ್ಟರು. ಸುಮಾರು ಕಾಲುಭಾಗದಷ್ಟು ಮಂದಿ ಅದು ತಮಗೆ ನೆನಪಿದೆ ಎಂದರು.

ಹಾಗೆಂದು ಬಾಲ್ಯದ ಆಘಾತವನ್ನು ಹೇಳಿಕೊಳ್ಳುವವರನ್ನು ಅನುಮಾನಿಸಬೇಕಿಲ್ಲ. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ದಾಖಲೆಯಿದ್ದ 175 ಮಂದಿಯನ್ನು ಮನೋವಿಜ್ಞಾನಿ ಗೇಲ್ ಗುಡ್‌ಮನ್ ಅವರ ತಂಡ ಸುಮಾರು 13 ವರ್ಷಗಳ ಬಳಿಕ ಮಾತನಾಡಿಸಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ನಡೆದದ್ದನ್ನು ತಿಳಿಸಿದರು. ದೌರ್ಜನ್ಯ ಕೊನೆಗೊಂಡಾಗ ತುಸು ದೊಡ್ಡವರಾಗಿದ್ದವರು, ವಿಷಯ ಗೊತ್ತಾದಾಗ ತಾಯಿಯ ಬೆಂಬಲ ಸಿಕ್ಕವರು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು.